ಬಟ್ಟೆಯ ಒಳಮೈ ತೋರಿಸಿ ಮಾರುತ್ತೇನೆ: ಕಾರವಾರದಿಂದ ನನ್ನ ಅನುಭವ

ಕಾರವಾರದ ಕಾಜುಬಾಗದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ, ಫಾಲ್, ಪಿಕೋ, ಇಷ್ಟೇ ನನ್ನ ಕೆಲಸವಾಗಿತ್ತು. ಹಳೇ ಡಿಸೈನರ್ ಬಟ್ಟೆ ಮಾರಬೇಕು ಅಂತ ನಾನಾಗಿ ಹೊರಟದ್ದಲ್ಲ, ಆ ಕೆಲಸವೇ ಬಾಗಿಲಿಗೆ ಬಂತು. ನಮ್ಮೂರ ಪಕ್ಕದಲ್ಲಿ ನೌಕಾನೆಲೆ ಇದೆ. ಅಲ್ಲಿಯವರಿಗೆ ಕೆಲವು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ತಪ್ಪಿದ್ದಲ್ಲ. 2019ರಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಬ್ಲೌಸ್ ಒಯ್ಯಲು ಬಂದವರು ದೊಡ್ಡ ಚೀಲವೊಂದನ್ನು ನನ್ನ ಮೇಜಿನ ಮೇಲಿಟ್ಟರು. ವಿಶಾಖಪಟ್ಟಣಕ್ಕೆ ಹೊರಟಿದ್ದೇವೆ, ಲಗೇಜ್ ಜಾಸ್ತಿಯಾಗಿದೆ, ಯಾರಿಗಾದರೂ ಕೊಟ್ಟುಬಿಡಿ ಅಂದರು.

ಚೀಲದಲ್ಲಿ ಹೆಸರಾಂತ ಡಿಸೈನರ್‌ಗಳ ಬಟ್ಟೆ: ರಿತು ಕುಮಾರ್ ಅನಾರ್ಕಲಿ ಒಂದು, ಅನಿತಾ ಡೋಂಗ್ರೆ ಕುರ್ತಾ ಎರಡು, ಮುರುಗಲು ಹಣ್ಣಿನ ಬಣ್ಣದ ರೇಷ್ಮೆ ಲೆಹೆಂಗಾ ಒಂದು. ಲೆಹೆಂಗಾವನ್ನು ಒಂದೇ ಮದುವೆಗೆ ಉಟ್ಟಿದ್ದಂತೆ. ಸುಮ್ನೆ ಕೊಟ್ಟುಬಿಡಲು ನನಗೇ ಮನಸ್ಸಾಗಲಿಲ್ಲ. ಮಾರಿ ಕೊಡುತ್ತೇನೆ, ನೂರಕ್ಕೆ ಮೂವತ್ತು ನನಗಿರಲಿ ಅಂದೆ. ಅವರು ಖುಷಿಯಿಂದ ಒಪ್ಪಿದರು. ಇವತ್ತಿಗೂ ನನ್ನ ಲೆಕ್ಕ ಅದೇ. ಬಟ್ಟೆಯನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ಮೊದಲಿಗೆ ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. ಹ್ಯಾಂಗರಿಗೆ ಹಾಕಿ ಫೋಟೋ ತೆಗೆದು, ಬ್ರ್ಯಾಂಡ್ ಹೆಸರು ಬರೆದು, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲೂ ಓಎಲ್‌ಎಕ್ಸ್‌ನಲ್ಲೂ ಹಾಕಿದೆ. ಮೂರು ವಾರ 'ಲಾಸ್ಟ್ ಪ್ರೈಸ್ ಎಷ್ಟು' ಅನ್ನುವ ಮೆಸೇಜ್ ಬಿಟ್ಟರೆ ಏನೂ ಇಲ್ಲ. ಆಮೇಲೆ ಒಬ್ಬಾಕೆ ಲೆಹೆಂಗಾದ ಬ್ಲೌಸ್ ಬಗ್ಗೆ ಕೇಳಿದಳು: "ಅಕ್ಕಾ, ಎದೆ ಎರಡು ಇಂಚು ಬಿಡಿಸಬಹುದಾ?"

ಇದು ನನ್ನ ದಿನದ ಕೆಲಸವೇ ಅಲ್ವಾ! ಬ್ಲೌಸನ್ನು ಒಳಗು ಹೊರಗು ಮಾಡಿದೆ. ಪಕ್ಕದ ಹೊಲಿಗೆಯೊಳಗೆ ಪೂರ್ತಿ ಒಂದು ಇಂಚು ಮಾರ್ಜಿನ್, ಅಂದರೆ ಮುಂದೆ ಬಿಡಿಸಲು ಉಳಿಸಿದ ಹೆಚ್ಚುವರಿ ಬಟ್ಟೆ, ಇತ್ತು. ಎರಡೂ ಪಕ್ಕದಲ್ಲಿ, ಹಿಂದೆ ಮುಂದೆ ಅರ್ಧರ್ಧ ಇಂಚು ಬಿಟ್ಟರೆ ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಟೇಪ್ ಇಟ್ಟು ಫೋಟೋ ಕಳಿಸಿದೆ. ಜೊತೆಗೆ ಇನ್ನೊಂದು ಮಾತನ್ನೂ ಬರೆದೆ: ರೇಷ್ಮೆಯಲ್ಲಿ ಹಳೇ ಸೂಜಿ ತೂತು ಗೆರೆಯಾಗಿ ಉಳಿಯುತ್ತದೆ, ಒಳಗಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಸ್ವಲ್ಪ ಗಾಢವಾಗಿ ಕಾಣುತ್ತದೆ, ಕೈ ಕೆಳಗಿಟ್ಟರೆ ಗೊತ್ತಾಗುವುದಿಲ್ಲ. "ಅಡ್ಡಿಲ್ಲ ಅಕ್ಕಾ, ಕಳಿಸಿ" ಅಂದಳು. ಅವಳು ಸಿರ್ಸಿಯವಳು ಅಂತ ಆಗಲೇ ಗೊತ್ತಾಗಿದ್ದು. ಅದೇ ಸಂಜೆ ದುಡ್ಡು ಬಂತು.

ಅಂದಿನಿಂದ ಪ್ರತಿ ಬಟ್ಟೆಗೂ ಒಳಮೈಯ ಫೋಟೋ ಹಾಕುತ್ತೇನೆ. ಕೊಳ್ಳುವವರಿಗೆ ಮುಟ್ಟಿ ನೋಡಲು ಆಗುವುದಿಲ್ಲ. ಅವರ ಕೈ ಏನನ್ನು ಹುಡುಕುತ್ತಿತ್ತೋ ಅದನ್ನು ನಾನು ಹುಡುಕಿ ತೋರಿಸಬೇಕು. ಲೇಬಲ್, ವಾಶ್ ಕೇರ್ ಪಟ್ಟಿ, ಓವರ್‌ಲಾಕ್ (ಅಂಚು ಬಿಚ್ಚದಂತೆ ಹಾಕುವ ಹೊಲಿಗೆ), ಲೈನಿಂಗ್, ಕಂಕುಳು, ಕುತ್ತಿಗೆಯ ಒಳಪಟ್ಟಿ, ಜಿಪ್ಪಿನ ತುದಿ. ಬೆವರಿನ ಕಲೆ ಇರುವುದು ಕಂಕುಳಲ್ಲಿ, ಪೌಡರ್ ಕಲೆ ಕುತ್ತಿಗೆಯಲ್ಲಿ. ಮಣಿ ಉದುರಿದ್ದರೆ ಪಕ್ಕದಲ್ಲಿ ಟೇಪ್ ಇಟ್ಟೇ ಫೋಟೋ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತೇನೆ, ಫ್ಲ್ಯಾಶ್ ಹಾಕುವುದಿಲ್ಲ. ಫ್ಲ್ಯಾಶ್ ಬಿದ್ದರೆ ಜರಿ ಹೊಳೆದು ರೇಷ್ಮೆಯ ನಿಜವಾದ ಬಣ್ಣ ಹೋಗಿಬಿಡುತ್ತದೆ.

ಎಸ್, ಎಂ, ಎಲ್ ಅನ್ನುವ ಸೈಜನ್ನು ನಾನು ನಂಬುವುದಿಲ್ಲ. ಒಂದು ಕಂಪನಿಯ ಎಂ ಇನ್ನೊಂದರ ಎಲ್. ಬಟ್ಟೆಯನ್ನು ಚಪ್ಪಟೆ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಷ್ಟು ಮಾಡುತ್ತೇನೆ. ಸೊಂಟ, ಭುಜ, ತೋಳು, ಉದ್ದ, ಎಲ್ಲವೂ ಇಂಚಿನಲ್ಲಿ. 'ನಿಮಗೆ ಚೆನ್ನಾಗಿ ಕೂರುವ ಕುರ್ತಾ ಒಂದನ್ನು ಹೀಗೇ ಹಾಸಿ ಅಳೆದು ಹೋಲಿಸಿ' ಅಂತಲೂ ಬರೆಯುತ್ತೇನೆ. ಈ ಒಂದು ಸಾಲಿನಿಂದ ವಾಪಸ್ ಬರುವುದು ಎಷ್ಟೋ ಕಡಿಮೆಯಾಯಿತು. ಎಲ್ಲ ಅಳತೆಯೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. 2021ರಲ್ಲಿ ಬಳಸಿದ ಬಟ್ಟೆ ಮಾರುವ ಅಮೆರಿಕದ ಆ್ಯಪ್ ಪಾಶ್‌ಮಾರ್ಕ್ ಭಾರತಕ್ಕೆ ಬಂದಾಗ ಅಲ್ಲೂ ಮಾರಿದೆ. 2023ರಲ್ಲಿ ಅದು ಇಲ್ಲಿ ಮುಚ್ಚಿದಾಗ ನೋಟ್‌ಬುಕ್ ಇದ್ದದ್ದಕ್ಕೆ ಎರಡೇ ದಿನದಲ್ಲಿ ಎಲ್ಲವನ್ನೂ ಬೇರೆ ಕಡೆ ಹಾಕಲಾಯಿತು.

ನಕಲಿ ಬಟ್ಟೆಯೂ ಬರುತ್ತದೆ. ಒಮ್ಮೆ ಚಂದದ ಕುರ್ತಾ ಬಂತು, ದೊಡ್ಡ ಹೆಸರಿನ ಲೇಬಲ್. ನೋಡಿದರೆ ಲೇಬಲ್ ಅಂಚಿನಲ್ಲಿ ಎರಡು ಸಾಲು ಸೂಜಿ ತೂತು. ಹೊಲಿಗೆ ಇದ್ದದ್ದು ಒಂದೇ ಸಾಲಿನಲ್ಲಿ. ಅಂದರೆ ಬೇರೆ ಬಟ್ಟೆಯಿಂದ ಬಿಚ್ಚಿ ಇಲ್ಲಿ ಕೂರಿಸಿದ್ದು. ತಂದವರಿಗೆ ಮೆತ್ತಗೆ ಹೇಳಿ ವಾಪಸ್ ಕೊಟ್ಟೆ. ನಕಲಿ ಬ್ರ್ಯಾಂಡ್ ಮಾರುವುದು ಅಪರಾಧ. ರೇಷ್ಮೆ ಅನ್ನುವುದರಲ್ಲಿ ಅನುಮಾನ ಬಂದರೆ, ಕೊಟ್ಟವರನ್ನು ಕೇಳಿ ಮಾರ್ಜಿನ್ನಿಂದ ಒಂದೆಳೆ ಎಳೆದು ಸುಡುತ್ತೇನೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ಇಷ್ಟೆಲ್ಲ ನೋಡಿಯೂ ಒಂದು ವಿಷಯದಲ್ಲಿ ಸೋತೆ. ಎರಡನೇ ವರ್ಷದ ಮಳೆಗಾಲ. ಟಸರ್ ರೇಷ್ಮೆಯ ಸೀರೆಯೊಂದನ್ನು ಬೆಂಗಳೂರಿಗೆ ಕಳಿಸಿದ್ದೆ. ಮೂರನೇ ದಿನ ಫೋನ್ ಬಂತು: "ಮೇಡಂ, ಸೀರೆ ತುಂಬಾ ಚೆನ್ನಾಗಿದೆ, ಆದರೆ ಮುಗ್ಗಲು ವಾಸನೆ. ಉಡೋಕಾಗಲ್ಲ." ನನ್ನ ಅಂಗಡಿಯಲ್ಲಿ ಆ ವಾಸನೆ ನನಗೆ ಬಂದಿರಲೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು. ನಮ್ಮ ಮೂಗು ಅದಕ್ಕೆ ಹೊಂದಿಕೊಂಡಿರುತ್ತದೆ. ಪೂರ್ತಿ ದುಡ್ಡು, ಎರಡೂ ಕಡೆಯ ಕೊರಿಯರ್ ಖರ್ಚು ಕೊಟ್ಟೆ. ಸೀರೆ ವಾಪಸ್ ಬಂತು. ದುಡ್ಡಿಗಿಂತ ಆಕೆಯ ಮಾತೇ ಜಾಸ್ತಿ ದಿನ ಮನಸ್ಸಿನಲ್ಲಿ ಕೂತಿತ್ತು.

ಈಗ ಮಳೆಗಾಲದಲ್ಲಿ ರೇಷ್ಮೆ ಇಟ್ಟುಕೊಳ್ಳುವುದು ತುಂಬ ಕಡಿಮೆ. ಇದ್ದದ್ದನ್ನು ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತುತ್ತೇನೆ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ. ವಾರಕ್ಕೊಮ್ಮೆ ಬಿಚ್ಚಿ, ಫ್ಯಾನಿನ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತೇನೆ. ಒಂದೇ ಮಡಿಕೆಯಲ್ಲಿ ಉಳಿದರೆ ಜರಿ ಅಲ್ಲೇ ಮುರಿಯುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಇದೆ. ನುಸಿಗುಳಿಗೆ ಹಾಕುವುದನ್ನು ಬಿಟ್ಟೆ, ಆ ವಾಸನೆಯನ್ನೂ ಕೊಳ್ಳುವವರು ಇಷ್ಟಪಡುವುದಿಲ್ಲ. ಚಳಿಗಾಲದ ಒಣ ಗಾಳಿಯ ದಿನಗಳಲ್ಲಿ ಎಲ್ಲವನ್ನೂ ನೆರಳಲ್ಲಿ ಆರಿಸುತ್ತೇನೆ.

ಪ್ಯಾಕ್ ಮಾಡುವ ಮೊದಲು ಇನ್ನೊಂದು ಪರೀಕ್ಷೆ. ಬಟ್ಟೆಯನ್ನು ರಾತ್ರಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟುತ್ತೇನೆ. ಬೆಳಿಗ್ಗೆ ಬಿಚ್ಚಿದ ಕೂಡಲೇ ಮೂಸಬೇಕು. ನನ್ನ ಮೂಗಲ್ಲ, ಬೇರೆಯವರದು. ಮಗಳು ಧಾರವಾಡದಲ್ಲಿ ಓದುತ್ತಾಳೆ. ಆ ಒಣ ಊರಿನಿಂದ ಬಂದವಳಿಗೆ ಮುಗ್ಗಲು ತಕ್ಷಣ ಗೊತ್ತಾಗುತ್ತದೆ. ಅವಳು ಬೇಡ ಅಂದದ್ದನ್ನು ಕಳಿಸುವುದಿಲ್ಲ.

ಪಾರ್ಸೆಲ್ ವಿಷಯ ಹೆಚ್ಚಿಲ್ಲ. ಕುರ್ತಾ, ಸೀರೆಗೆ ಪೆಟ್ಟಿಗೆ ಬೇಡ. ಹೆಚ್ಚಿನ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಕಿಲೋ ಅಂತ ಹಿಡಿಯುತ್ತಾರೆ. 40, 30, 20ರ ಪೆಟ್ಟಿಗೆ ಹಗುರಾಗಿದ್ದರೂ 4.8 ಕಿಲೋ ಲೆಕ್ಕ. ಮಳೆಗಾಲದಲ್ಲಿ ತಲುಪುವ ದಿನವನ್ನು ಗಟ್ಟಿಯಾಗಿ ಹೇಳುವುದಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತ್ತು. ಜೀವಗಳೇ ಹೋದ ಆ ದಿನಗಳಲ್ಲಿ ಪಾರ್ಸೆಲ್ ಕೇಳಿದವರಿಗೆಲ್ಲ ನಡೆದದ್ದನ್ನು ಹೇಳಿದೆ. ಎಲ್ಲರೂ ಕಾದರು.

ನಾನು ಕಳಿಸಿದ್ದರ ಬದಲು ಬೇರೆ ಬಟ್ಟೆ ವಾಪಸ್ ಕಳಿಸುವವರೂ ಇದ್ದಾರೆ. ಅದಕ್ಕೆ ಪ್ರತಿ ಬಟ್ಟೆಯ ಮಾರ್ಜಿನ್ನಿನಲ್ಲಿ ನೀಲಿ ನೂಲಿನ ಮೂರು ಸಣ್ಣ ಹೊಲಿಗೆ ಹಾಕಿರುತ್ತೇನೆ. ಮೋಸದವರೂ ಇದ್ದಾರೆ. ಕೊಳ್ಳುವ ನೆಪದಲ್ಲಿ ಒಬ್ಬ ತಾನು ಸೇನೆಯವನು ಅಂತ ಐಡಿ ಫೋಟೋ ಕಳಿಸಿ, ದುಡ್ಡು ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ನಮ್ಮೂರಲ್ಲಿ ಯೂನಿಫಾರ್ಮ್ ಅಂದರೆ ಗೌರವ, ಕೈ ಮುಂದೆ ಹೋಗಿಯೇ ಬಿಟ್ಟಿತ್ತು. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಅದು ನೆನಪಾಗಿ ನಿಲ್ಲಿಸಿದೆ.

ಬೆಲೆ ಹೇಳುವುದೇ ಕಷ್ಟದ ಮಾತು. "ಹನ್ನೆರಡು ಸಾವಿರ ಕೊಟ್ಟಿದ್ದೆ" ಅನ್ನುತ್ತಾರೆ ಕೊಡುವವರು. ನನ್ನ ಕೈಯಲ್ಲಿ ಒಳ್ಳೆಯ ಕುರ್ತಾ ಹೊಸದರ ಮೂರನೇ ಒಂದು ಭಾಗಕ್ಕೆ ಹೋಗಿದೆ, ಭಾರದ ಲೆಹೆಂಗಾ ನಾಲ್ಕನೇ ಒಂದಕ್ಕೂ ಒದ್ದಾಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಹೆಂಗಾಗಳನ್ನು ದಸರೆಯ ಹೊತ್ತಿಗೆ ಹಾಕುತ್ತೇನೆ. ತುಳಸಿ ಮದುವೆ ಕಳೆದರೆ ಮದುವೆಗಳು ಶುರು, ಅಷ್ಟರಲ್ಲಿ ಕೊಂಡವರಿಗೆ ಬಿಡಿಸಿ ಹೊಲಿಸಿಕೊಳ್ಳಲು ಸಮಯ ಸಿಗಬೇಕು.

ಈ ವಾರ ಮತ್ತೊಂದು ಮನೆ ಟ್ರಾನ್ಸ್‌ಫರ್ ಆಗಿ ಹೊರಟಿದೆ. ಅವರ ನಾಲ್ಕು ಬಟ್ಟೆಗಳ ಅಳತೆ ಮುಗಿದಿದೆ, ನೀಲಿ ನೂಲೂ ಹಾಕಿಯಾಗಿದೆ. ಶನಿವಾರ ರಾತ್ರಿ ಕವರಿನಲ್ಲಿ ಕಟ್ಟಿಡುತ್ತೇನೆ. ಭಾನುವಾರ ಬೆಳಿಗ್ಗೆ ಮಗಳು ಬರುತ್ತಾಳೆ.