ಬೆಳಗಿನ ಬಸ್ಸಿಳಿದು ರಾತ್ರಿ ಬಸ್ಸು ಹತ್ತುವವರೆಗೆ

ರಾಣೆಬೆನ್ನೂರಿನಲ್ಲಿ ನನ್ನದೊಂದು ಚಿಕ್ಕ ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ಲೇಸು, ಕುಚ್ಚಿನ ದಾರ ಇಷ್ಟೇ ವ್ಯಾಪಾರ. ಮಾಲು ತರುವುದು ಬೆಂಗಳೂರಿನ ಚಿಕ್ಕಪೇಟೆಯಿಂದ. ರಾತ್ರಿ ಬಸ್ಸಿಗೆ ಹೋಗಿ ಮರುದಿನ ರಾತ್ರಿ ಬಸ್ಸಿಗೆ ವಾಪಸ್. ಅಲ್ಲಿ ಉಳಿದುಕೊಳ್ಳುವ ಪ್ರಶ್ನೆಯೇ ಇಲ್ಲ. ಎರಡು ದಿನ ಬಾಗಿಲು ಹಾಕಿದರೆ ಗಿರಾಕಿಗಳು ಎದುರಿನ ಅಂಗಡಿ ಹಿಡಿಯುತ್ತಾರೆ. ಆದರೂ ಪ್ರತಿ ಸಲ ಖರೀದಿ ಮುಗಿಸಿ, ಊರನ್ನೂ ಒಂದಿಷ್ಟು ಸುತ್ತಿಯೇ ಬರುತ್ತೇನೆ.

ಇದರ ಗುಟ್ಟು ದೊಡ್ಡದೇನಲ್ಲ. ನಮ್ಮ ಕಡೆಯ ಬಸ್ಸು ಬೆಂಗಳೂರು ಮುಟ್ಟುವುದು ಬೆಳಗ್ಗೆ ಐದರ ಸುಮಾರಿಗೆ. ಚಿಕ್ಕಪೇಟೆಯ ಶೆಟರ್ ಮೇಲೇಳುವುದು ಹತ್ತೂವರೆ, ಹನ್ನೊಂದಕ್ಕೆ. ಮಾಲಿಗೆ ಬರುವವರು ಹೆಚ್ಚಾಗಿ ಈ ಹೊತ್ತನ್ನು ಲಾಡ್ಜಿಗೆ ದುಡ್ಡು ಕೊಟ್ಟು ಮಲಗಿ ಕಳೆಯುತ್ತಾರೆ. ಆದರೆ ಬೆಂಗಳೂರು ನೋಡಲಿಕ್ಕೆ ಚೆನ್ನಾಗಿರುವ ಹೊತ್ತೇ ಅದು. ರಸ್ತೆ ಖಾಲಿ, ಗಾಳಿ ತಂಪು, ಆಟೊದವರಿಗೂ ತಾಳ್ಮೆ ಇರುತ್ತದೆ.

ಹೊರಡುವ ಮೊದಲು ವಾರ ನೋಡುತ್ತೇನೆ. ನಮ್ಮಜ್ಜಿ ಪಂಚಾಂಗ ನೋಡಿ ಊರು ಬಿಡುತ್ತಿದ್ದಳು, ನಾನು ಹೋಟೆಲಿನ ರಜೆ ನೋಡಿ ಬಿಡುತ್ತೇನೆ. ಭಾನುವಾರ ಹೋಲ್‌ಸೇಲ್ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೂ ಅವತ್ತೇ ರಜೆ. ಮೆಟ್ರೊ ಕೂಡ ಭಾನುವಾರ ತಡವಾಗಿ ಶುರುವಾಗುತ್ತದೆ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಬಾಗಿಲು ತೆರೆಯುವುದಿಲ್ಲ, ರಂಗಶಂಕರದಲ್ಲಿ ನಾಟಕ ಇರುವುದಿಲ್ಲ. ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಬಂದ್. ಶನಿವಾರ ಎಲ್ಲ ಕಡೆ ಜನ. ಇದನ್ನೆಲ್ಲ ಕಳೆದರೆ ಉಳಿಯುವುದು ಮಂಗಳವಾರ, ಬುಧವಾರ, ಗುರುವಾರ. ನಾನು ಬುಧವಾರ ಹೋಗುತ್ತೇನೆ.

ಇನ್ನು ಬಸ್ಸು. ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೆ ಕೆಂಪು ಬಸ್ಸು ಪುಕ್ಕಟೆ. ರಾಜಹಂಸಕ್ಕೆ, ಸ್ಲೀಪರ್‌ಗೆ ಅದು ನಡೆಯುವುದಿಲ್ಲ. ನಾನು ಹೋಗುವಾಗ ಮಾತ್ರ ಸ್ಲೀಪರ್‌ಗೆ ದುಡ್ಡು ಹಾಕುತ್ತೇನೆ. ರಾತ್ರಿ ನಿದ್ದೆ ಆಗದಿದ್ದರೆ ಮರುದಿನದ ಓಡಾಟ ಎಲ್ಲ ತೂಕಡಿಕೆಯಲ್ಲೇ ಹೋಗುತ್ತದೆ. ಐದಕ್ಕೆಲ್ಲ ಬಂದರೆ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲೇ ಹೋಗಿ, ಅಲ್ಲೇ ದುಡ್ಡು ಕೊಟ್ಟು ಸ್ನಾನ ಮಾಡಿ, ಸೀರೆ ಬಿಟ್ಟು ಚೂಡಿದಾರ ಹಾಕಿಕೊಳ್ಳುತ್ತೇನೆ. ಬಸ್ಸು ತಡವಾಗಿ ಏಳೂವರೆ ದಾಟಿತೋ, ಗೊರಗುಂಟೆಪಾಳ್ಯದಲ್ಲೇ ಇಳಿದುಬಿಡಬೇಕು. ಅಲ್ಲಿಂದ ಮೆಟ್ರೊ ಹತ್ತಿದರೆ ಸೀದಾ ಪೇಟೆಯೊಳಗೆ ಇಳಿಸುತ್ತದೆ. ಬಸ್ಸಿನಲ್ಲೇ ಕೂತರೆ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ಡ್ರೈವರ್‌ಗೂ ಗೊತ್ತಿರುವುದಿಲ್ಲ. ಮೆಟ್ರೊ ಟಿಕೆಟ್ಟನ್ನು ಬಸ್ಸಿನಲ್ಲಿ ಕೂತೇ ವಾಟ್ಸಾಪ್‌ನಲ್ಲಿ ತೆಗೆದುಕೊಳ್ಳಬಹುದು, ಕೌಂಟರ್ ಸಾಲಿನಲ್ಲಿ ನಿಲ್ಲುವ ಕೆಲಸ ಇಲ್ಲ.

ಒಂದು ನಿಯಮ ನಾನು ಮುರಿಯುವುದಿಲ್ಲ. ಮೆಟ್ರೊದ ಹಸಿರು ಮಾರ್ಗ ಬಿಟ್ಟು ಆಚೆ ಹೋಗುವುದಿಲ್ಲ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್ ಎಲ್ಲ ಒಂದರ ಹಿಂದೆ ಒಂದು ಸ್ಟೇಷನ್. ಹಳೇ ಬೆಂಗಳೂರಿನ ಮುಕ್ಕಾಲು ಪಾಲು ಇಲ್ಲೇ ಇದೆ. ಬೆಂಗಳೂರಿನಲ್ಲಿ ಕಿಲೋಮೀಟರು ಕೇಳಬಾರದು, ಎಷ್ಟು ಹೊತ್ತು ಅಂತ ಕೇಳಬೇಕು. ನನ್ನ ಚಿಕ್ಕಪ್ಪನ ಮಗಳು ವೈಟ್‌ಫೀಲ್ಡ್‌ನಲ್ಲಿದ್ದಾಳೆ. "ಬೆಂಗ್ಳೂರಿಗೆ ಬಂದು ನಮ್ಮನಿಗೆ ಬರಂಗಿಲ್ಲೇನಕ್ಕ?" ಅಂತ ಮುನಿಸಿಕೊಂಡಿದ್ದಳು. "ನೀನ ಲಾಲ್‌ಬಾಗಿಗೆ ಬಾರವಾ, ಇಡ್ಲಿ ನಾ ಕೊಡಸ್ತೀನಿ" ಅಂದೆ. ಈಗ ಅವಳು ನೇರಳೆ ಮಾರ್ಗದಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಾಳೆ. ನೆಂಟರ ಮನೆಗೆ ಹೋದರೆ ಊಟ ಮಾಡದೆ ಬಿಡುವುದಿಲ್ಲ, ಮಧ್ಯಾಹ್ನ ಅಲ್ಲೇ ಮುಗಿಯುತ್ತದೆ. ಹೊರಗೆ ಸಿಕ್ಕರೆ ಮಾತೂ ಆಗುತ್ತದೆ, ತಿರುಗಾಟವೂ ಆಗುತ್ತದೆ.

ಮೊದಲ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಹಿಂದೆ ಅಲ್ಲಿ ಸಿದ್ದಿಕಟ್ಟೆ ಅಂತ ಕೆರೆ ಇತ್ತು. ಹೂವಿನ ವ್ಯಾಪಾರ ನೋಡಬೇಕೆಂದರೆ ಆರರಿಂದ ಏಳರೊಳಗೆ ಹೋಗಬೇಕು. ಹಳೇ ಕಟ್ಟಡದ ಮೆಟ್ಟಿಲು ಹತ್ತಿ ಮೇಲಿನಿಂದ ಬಗ್ಗಿ ನೋಡಿ. ಕೆಳಗೆ ಸೇವಂತಿಗೆಯ ಹಳದಿ ರಾಶಿ, ಪಕ್ಕದಲ್ಲಿ ಚೆಂಡುಹೂವು, ಗುಲಾಬಿ, ಸುಗಂಧರಾಜದ ಕಂತೆ. ತಲೆ ಮೇಲೆ ಮೂಟೆ ಹೊತ್ತವರು "ದಾರಿ, ದಾರಿ" ಅನ್ನುತ್ತ ನುಗ್ಗುತ್ತಾರೆ, ನಾವೇ ಸರಿಯಬೇಕು. ಬಣ್ಣದ ವ್ಯಾಪಾರದವಳಾದ ನನಗೆ ಇದು ಪಾಠವೂ ಹೌದು. ಒಂದೇ ಹಳದಿಯಲ್ಲಿ ಎಷ್ಟು ಶೇಡ್ ಇದೆ ಅಂತ ಅಲ್ಲಿ ಗೊತ್ತಾಗುತ್ತದೆ. ನೆಲ ಮಾತ್ರ ಕೊಚ್ಚೆ, ಒಳ್ಳೇ ಚಪ್ಪಲಿ ಹಾಕಬೇಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನಗಳಲ್ಲಂತೂ ಕಾಲಿಡಲಿಕ್ಕೂ ಜಾಗ ಇರುವುದಿಲ್ಲ.

ಅಲ್ಲಿಂದ ಎರಡು ಸ್ಟೇಷನ್ ಮುಂದೆ ಲಾಲ್‌ಬಾಗ್. ಮೆಟ್ರೊ ಇಳಿಯುವುದು ಪಶ್ಚಿಮದ ಗೇಟಿನ ಹತ್ತಿರ, ಎಂ.ಟಿ.ಆರ್. ಇರುವುದು ಮುಖ್ಯ ಗೇಟಿನ ಕಡೆ. ಆಟೊ ಹಿಡಿದು ತೋಟವನ್ನು ಹೊರಗಿನಿಂದ ಸುತ್ತುವ ಬದಲು ಒಳಗಿನಿಂದಲೇ ನಡೆದು ದಾಟುತ್ತೇನೆ. ದಾರಿಯಲ್ಲೇ ಎಲ್ಲ ಸಿಗುತ್ತದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ ಇದು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಬೂರುಗದ ಮರದ ಆಳೆತ್ತರದ ಬೇರುಗಳ ಹತ್ತಿರ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಇಷ್ಟ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು, ಅದರ ತಲೆಯ ಮೇಲೆ ಕೆಂಪೇಗೌಡರ ಗಡಿ ಗೋಪುರ. ಆ ಗೋಪುರ ದಾಟಿ ಊರು ಎಷ್ಟು ಬೆಳೆದಿದೆ ಅಂತ ಮೇಲೆ ನಿಂತರೆ ಕಣ್ಣಿಗೇ ಕಾಣುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಸುತ್ತಮುತ್ತ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವಿಗಿಂತ ಜನರ ಬೆನ್ನನ್ನೇ ಜಾಸ್ತಿ ನೋಡಬೇಕಾಗುತ್ತದೆ, ಆಗ ನಾನು ಆ ಕಡೆ ಸುಳಿಯುವುದಿಲ್ಲ.

ಎಂ.ಟಿ.ಆರ್. ಶುರುವಾಗಿದ್ದು 1924ರಲ್ಲಿ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಇದ್ದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತ ಹೇಳುತ್ತಾರೆ. ಸಾಲು ಉದ್ದ ಇದ್ದರೆ ಕಾಯುವುದಿಲ್ಲ. ಬೆಂಗಳೂರಿನಲ್ಲಿ ಇಡ್ಲಿಗೆ ಬರ ಇಲ್ಲ, ಒಂದು ಗಂಟೆ ಕಳೆದರೆ ಅದು ವಾಪಸ್ ಸಿಗುವುದಿಲ್ಲ.

ತಿಂಡಿ ಆದ ಮೇಲೆ ಕೋಟೆಯ ಕಡೆ ಆಟೊ. ಟಿಪ್ಪುವಿನ ಬೇಸಿಗೆ ಅರಮನೆ, ಅದರ ಮಗ್ಗುಲಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅರಮನೆ 1791ರಲ್ಲಿ ಮುಗಿದದ್ದು, ಕಂಬಗಳೆಲ್ಲ ತೇಗ. ದೇವಸ್ಥಾನದ ಮುಂದಿನ ಕಂಬ ಯುದ್ಧದಲ್ಲಿ ಗುಂಡು ತಡೆದು ಟಿಪ್ಪುವಿನ ಜೀವ ಉಳಿಸಿತು ಅನ್ನುವ ಕಥೆ ಇದೆ. ಎರಡನ್ನೂ ನೋಡಿ, ಪೇಟೆಗೆ ನಡೆದುಕೊಂಡೇ ಹೋಗಬಹುದು.

ಇನ್ನು ಕೆಲಸ. ಖರೀದಿಯ ಪಟ್ಟಿಯನ್ನು ಊರಲ್ಲೇ ಗಲ್ಲಿಗಳ ಪ್ರಕಾರ ಬರೆದುಕೊಂಡಿರುತ್ತೇನೆ. ಬಟ್ಟೆ ಒಂದು ಕಡೆ, ಲೇಸು ಇನ್ನೊಂದು ಕಡೆ. ಒಂದೇ ಗಲ್ಲಿಗೆ ಎರಡು ಸಲ ಹೋಗಬಾರದು. ಪರಿಚಯದ ಸೇಟು ಅಂಗಡಿಯಲ್ಲಿ ಮೊದಲು ಬ್ಯಾಗು ಇಟ್ಟು ಕೈ ಬೀಸಿಕೊಂಡು ಹೊರಡುತ್ತೇನೆ. ಟು ಬೈ ಟು ರುಬಿಯಾ ಅನ್ನುವ ಬ್ಲೌಸ್ ಬಟ್ಟೆಯ ಶೇಡ್ ನಂಬರುಗಳನ್ನು ಬರೆದುಕೊಂಡಿದ್ದರೂ ಥಾನನ್ನು ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡುತ್ತೇನೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ರಾಮಾ ಹಸಿರು ಒಂದು ಥರ ಕಾಣುತ್ತದೆ, ಹೊರಗೆ ಇನ್ನೊಂದು ಥರ. ಲೈನಿಂಗ್ ಬಟ್ಟೆಯ ತುದಿಯನ್ನು ಒದ್ದೆ ಕರವಸ್ತ್ರದಿಂದ ಉಜ್ಜುತ್ತೇನೆ. ಬಣ್ಣ ಬಿಟ್ಟರೆ ಆ ಥಾನು ಬೇಡ. ಸೇಟು "ಅಕ್ಕಾ, ನಮ್ಮ ಮಾಲಿನ ಮೇಲೆ ಇಷ್ಟು ಅನುಮಾನವಾ?" ಅಂತ ನಗುತ್ತಾರೆ. "ಅನುಮಾನ ನಿಮ್ಮ ಮೇಲಲ್ಲ ಸೇಟು, ಬಣ್ಣದ ಮೇಲೆ" ಅನ್ನುತ್ತೇನೆ.

ಬಂಡಲ್ ಕಟ್ಟಿಸಿ ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟಿಗೆ ಹಾಕಿಸುತ್ತೇನೆ, ಎಲ್.ಆರ್. ಅಂದರೆ ಲಾರಿ ರಸೀದಿ ಫೋನಿಗೆ ಬರುತ್ತದೆ. ಮಾಲು ಕೈಯಲ್ಲಿದ್ದರೆ ಸಂಜೆ ಇಲ್ಲ ಅಂತಲೇ ಲೆಕ್ಕ. ನಡುವೆ ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಏನಾದರೂ ತಿನ್ನುತ್ತೇನೆ. ಅದೇ ಬೀದಿಯಲ್ಲಿ ತಬಲಾ, ವೀಣೆ, ಹಾರ್ಮೋನಿಯಂ ಅಂಗಡಿಗಳಿವೆ, ಸುಮ್ನೆ ನಿಂತು ನೋಡಿದರೂ ಯಾರೂ ಬೇಡ ಅನ್ನುವುದಿಲ್ಲ. ನಗರ್ತಪೇಟೆಯ ಕಡೆ ಹೋದರೆ ಧರ್ಮರಾಯನ ಗುಡಿ ಸಿಗುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದಲೇ. ಆ ದಿನಗಳಲ್ಲಿ ಮಾಲಿಗೆ ಹೋಗಬೇಡಿ, ಕರಗ ನೋಡಲಿಕ್ಕೆಂದೇ ಹೋಗಿ.

ಮೂರೂವರೆ, ನಾಲ್ಕಕ್ಕೆ ಪೇಟೆ ಬಿಟ್ಟರೆ ಸಂಜೆ ಪೂರ್ತಿ ಬಸವನಗುಡಿಗೆ. ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆಯುತ್ತೇನೆ. ವಿದ್ಯಾರ್ಥಿ ಭವನ 1943ರದ್ದು, ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿ ಮತ್ತೆ ತೆರೆಯುತ್ತದೆ. ಸಪ್ಲೈಯರ್ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೋಡಲಿಕ್ಕೇ ಒಂದು ಸಲ ಹೋಗಬೇಕು. ಅಂಕಿತ ಪುಸ್ತಕದ ಅಂಗಡಿಯಲ್ಲಿ ಒಂದು ಪುಸ್ತಕ, ದೊಡ್ಡ ಬಸವಣ್ಣನಿಗೆ ಒಂದು ನಮಸ್ಕಾರ, ಕಹಳೆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರುವುದು. ಕಾರ್ತಿಕದ ಕೊನೆಯ ಸೋಮವಾರವಾದರೆ ಅಲ್ಲಿ ಕಡಲೆಕಾಯಿ ಪರಿಷೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮಳೆ ಬರುವುದು ಜಾಸ್ತಿ, ಕೊಡೆ ಇರಲಿ.

ಒಳ್ಳೇ ನಾಟಕ ಇದೆ ಅಂತ ಗೊತ್ತಾದರೆ ಟಿಕೆಟ್ ಮೊದಲೇ ತೆಗೆದಿಟ್ಟು ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುತ್ತೇನೆ. ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದು ಅಲ್ಲಿಂದ ಆಟೊ. ಏಳೂವರೆ ಅಂದರೆ ಏಳೂವರೆ. ಆಟ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ನನಗೆ ಅದು ಸರಿ ಅನಿಸುತ್ತದೆ. ನಮ್ಮೂರಲ್ಲಿ ಮುಖ್ಯ ಅತಿಥಿ ಬರುವವರೆಗೆ ಕಾದು ಸಾಕಾಗಿದೆ.

ಪೇಟೆ ಕೆಲಸ ಇಲ್ಲದವರು ನೇರಳೆ ಮಾರ್ಗ ಹಿಡಿಯಬಹುದು. ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳು ಎಲ್ಲ ಅದರ ಮೇಲೇ ಇವೆ. ಎರಡೂ ಮಾರ್ಗವನ್ನು ಒಂದೇ ದಿನಕ್ಕೆ ತುರುಕಬೇಡಿ.

ವಾಪಸ್ ಬರುವ ಟಿಕೆಟ್ಟಿನಲ್ಲಿ ಹತ್ತುವ ಜಾಗ ಮೆಜೆಸ್ಟಿಕ್ ಅಂತ ಹಾಕುವುದಿಲ್ಲ, ಗೊರಗುಂಟೆಪಾಳ್ಯ ಅಂತ ಹಾಕುತ್ತೇನೆ. ಬಸ್ಸು ಮೆಜೆಸ್ಟಿಕ್ ಬಿಟ್ಟು ಅಲ್ಲಿಗೆ ಬರಲಿಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ, ನನಗೆ ಅಷ್ಟು ಹೊತ್ತು ಜೆ.ಪಿ. ನಗರದಲ್ಲೇ ಉಳಿಯುತ್ತದೆ. ನಾಟಕ ಮುಗಿಸಿ, ಅಲ್ಲೇ ಕ್ಯಾಂಟೀನಿನಲ್ಲಿ ಸಾಬುದಾನಿ ವಡೆ ತಿಂದು, ಆರ್.ವಿ. ರಸ್ತೆಯಿಂದ ಅದೇ ಹಸಿರು ಮೆಟ್ರೊದಲ್ಲಿ ಸೀದಾ ಹೋಗಿ ಇಳಿಯುತ್ತೇನೆ. ಬಸ್ಸು ಎಲ್ಲಿದೆ ಅಂತ ಕಂಡಕ್ಟರ್‌ಗೆ ಫೋನ್ ಮಾಡಿದರೆ, "ನವರಂಗ್ ಹತ್ರ ಇದೀವಿ ಮೇಡಂ, ನಿಂತಿರಿ" ಅನ್ನುತ್ತಾರೆ.