ರ‍್ಯಾಕ್‌ಗೆ ಪವರ್ ಆಂಪ್ ಆರಿಸಿದ್ದು ಹೀಗೆ

ಇಂದಿರಾನಗರದ ಜ್ಯಾಮ್ ರೂಮಿನಲ್ಲಿ ಡ್ರಮ್ಸ್ ಶುರುವಾದರೆ ನನ್ನ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ರ‍್ಯಾಕ್‌ನಲ್ಲಿದ್ದ ಪ್ರೀಆಂಪ್ (ಗಿಟಾರಿನ ದನಿ ರೂಪಿಸುವ ಪೆಟ್ಟಿಗೆ), ಎಫೆಕ್ಟ್ಸ್ ಎಲ್ಲಾ ಚೆನ್ನಾಗಿಯೇ ಇದ್ದವು. ಸಾಲದೇ ಇದ್ದದ್ದು ಆ ದನಿಗೆ ಬಲ ಕೊಟ್ಟು ಸ್ಪೀಕರ್ ಓಡಿಸುವ ಪವರ್ ಆಂಪ್.

ಗಾಜಿನ ಟ್ಯೂಬ್‌ಗಳಿಂದ ನಡೆಯುವ ವಾಲ್ವ್ ಆಂಪ್ ದನಿ ನನಗೂ ಇಷ್ಟ. ಆದರೆ ಆ ಭಾರ ಹೊತ್ತುಕೊಂಡು ಲಿಫ್ಟ್ ಇಲ್ಲದ ಮೂರನೇ ಮಹಡಿ ಹತ್ತೋರು ಯಾರು? ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಆದರೆ 120 ವೋಲ್ಟ್, ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಹಾಗಾಗಿ ಹಗುರವಾದ ಟ್ರಾನ್ಸಿಸ್ಟರ್ ಆಂಪ್, ಅಂದರೆ ಕ್ಲಾಸ್ ಡಿ ಕಡೆ ಹೊರಳಿದೆ.

ಅಲ್ಲಿ ನೋಡಬೇಕಾದ್ದು ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ದೊಡ್ಡದಾಗಿ ಬರೆದ ವ್ಯಾಟ್ ಸಾಮಾನ್ಯವಾಗಿ 4 ಓಮ್‌ಗೆ. 8 ಓಮ್‌ಗೆ ಅದು ಹೆಚ್ಚುಕಮ್ಮಿ ಅರ್ಧ, 16ಕ್ಕೆ ಕಾಲು. ನಾನು ಕ್ಯಾಬಿನೆಟ್ಟಿನ (ಸ್ಪೀಕರ್ ಪೆಟ್ಟಿಗೆಯ) 16 ಓಮ್ ಜ್ಯಾಕ್ ಬಳಸುತ್ತಿದ್ದೆ. ಅಂದರೆ 200 ವ್ಯಾಟ್ ಆಂಪ್ ತಂದರೂ ಸಿಗೋದು ಸುಮಾರು 50 ಅಷ್ಟೇ ಅಲ್ವಾ! ಪುಣ್ಯಕ್ಕೆ ಹಿಂದೆ 4 ಓಮ್ ಜ್ಯಾಕ್ ಕೂಡ ಇತ್ತು. 4 ಓಮ್ ಹೊರೆ ತಡೆದುಕೊಳ್ಳುವ, ಚಾನೆಲ್‌ಗೆ 200 ವ್ಯಾಟ್‌ನ ಆಂಪ್ ತಗೊಂಡೆ. ಈಗ ಡ್ರಮ್ಮರ್ರೇ "ಸ್ವಲ್ಪ ಕಮ್ಮಿ ಮಾಡು ಗುರು" ಅಂತಾನೆ.

ಎರಡು ಚಾನೆಲ್ ಸೇರಿಸಿ ಒಂದೇ ಸ್ಪೀಕರಿಗೆ ಕೊಡುವ ಬ್ರಿಡ್ಜ್ ಮೋಡ್ ಮುಟ್ಟಿಲ್ಲ. ಅದರಲ್ಲಿ 4 ಓಮ್ ಹಾಕಿದರೆ ಒಂದೊಂದು ಚಾನೆಲ್‌ಗೂ 2 ಓಮ್ ಹೊರೆ ಬೀಳುತ್ತದೆ; ಓಮ್ ಕಮ್ಮಿಯಾದಷ್ಟು ಹೊರೆ ಜಾಸ್ತಿ. ಆಂಪ್‌ನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಬೇಡ, ಬಿಸಿಯಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ದಪ್ಪ ಸ್ಪೀಕರ್ ವೈರ್ ಸಿಗುತ್ತದೆ.