ಕೊಡಗಿನ ಮಳೆಗಾಲಕ್ಕೆ ತಡೆಯುವ ಮೌಲ್ಡ್ ಬೇಸ್: ಕಡಿಮೆ ಕಾರ್ಬನ್ ಸ್ಟೇನ್‌ಲೆಸ್ ಬಳಸಿದ ನನ್ನ ಅನುಭವ

ಕುಶಾಲನಗರದಲ್ಲಿ ನಮ್ಮದೊಂದು ಚಿಕ್ಕ ಟೂಲ್‌ರೂಮ್. ಪಕ್ಕದ ಶೆಡ್ಡಿನಲ್ಲೇ ಇಂಜೆಕ್ಷನ್ ಮೌಲ್ಡಿಂಗ್ ಮಷಿನ್‌ಗಳಿವೆ. ತೋಟದ ಸ್ಪ್ರಿಂಕ್ಲರ್ ಪೈಪಿನ ಫಿಟ್ಟಿಂಗ್, ಜೇನು ಬಾಟಲಿಯ ಮುಚ್ಚಳ, ನರ್ಸರಿಯವರಿಗೆ ಸಸಿ ಬೆಳೆಸುವ ರೂಟ್ ಟ್ರೇನರ್ ಕಪ್ ಇವೇ ನಮ್ಮ ಮುಖ್ಯ ಕೆಲಸ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ಫೆಬ್ರವರಿ, ಮಾರ್ಚ್‌ನಲ್ಲಿ ತೋಟದವರು ಸ್ಪ್ರಿಂಕ್ಲರ್ ಹಾಕಲೇಬೇಕು. ಹಾಗಾಗಿ ಫಿಟ್ಟಿಂಗ್ ಮೌಲ್ಡಿಗೆ ಚಳಿಗಾಲದಿಂದಲೇ ಬಿಡುವಿರುವುದಿಲ್ಲ. ಜೂನ್ ಬಂತೆಂದರೆ ಅದೇ ಮೌಲ್ಡ್ ರ‍್ಯಾಕ್ ಸೇರುತ್ತದೆ, ಸೆಪ್ಟೆಂಬರ್ ಕಳೆಯುವವರೆಗೆ ಅಲ್ಲೇ. ಮೌಲ್ಡಿಗೆ ಕೆಲಸವಿಲ್ಲದ ಕಾಲವೂ ಗಾಳಿಯೆಲ್ಲ ನೀರಾಗಿರುವ ಕಾಲವೂ ಇಲ್ಲಿ ಒಂದೇ. ಬೇಸ್‌ಗೆ, ಅಂದರೆ ಮೌಲ್ಡಿನ ಹೊರಚೌಕಟ್ಟಿನ ಪ್ಲೇಟುಗಳಿಗೆ, ಯಾವ ಉಕ್ಕು ಎನ್ನುವುದನ್ನು ನಾನು ಈ ಲೆಕ್ಕದಿಂದಲೇ ತೀರ್ಮಾನಿಸುತ್ತೇನೆ.

ಮೌಲ್ಡ್ ಕೊಡಿಸುವವರು ಕೋರ್, ಕ್ಯಾವಿಟಿಯ (ಪ್ಲಾಸ್ಟಿಕ್ಕಿಗೆ ಆಕಾರ ಕೊಡುವ ಒಳಭಾಗಗಳ) ಬಗ್ಗೆ ಮಾತ್ರ ಕೇಳುತ್ತಾರೆ. ಅದಕ್ಕೆ ಒಳ್ಳೆಯ ಉಕ್ಕು ಹಾಕಿಸಿ, ಸುತ್ತಲಿನ ಬೇಸ್‌ಗೆ ಸಿ45 ಅಥವಾ ಪಿ20 (ಸ್ಟೇನ್‌ಲೆಸ್ ಅಲ್ಲದ ಉಕ್ಕುಗಳು) ಸಾಕು ಎನ್ನುತ್ತಾರೆ. ಒಣ ಊರಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ಶೆಡ್ಡಿನೊಳಗೆ 22 ಡಿಗ್ರಿ, ಆರ್ದ್ರತೆ 95% ಇದ್ದರೆ, 21 ಡಿಗ್ರಿಗೇ ಇಬ್ಬನಿ ಕಟ್ಟಲು ಶುರುವಾಗುತ್ತದೆ. ಚಿಲ್ಲರ್ (ನೀರು ತಣಿಸುವ ಯಂತ್ರ) ಕಡೆಯಿಂದ 15 ಡಿಗ್ರಿ ನೀರು ಹೋಗುವ ಮೌಲ್ಡ್ ಮೈಯೆಲ್ಲ ಬೆವರುತ್ತದೆ. ನಡುವೆ ಕರೆಂಟು ಹೋದರೆ ಆ ನೀರು ಪ್ಲೇಟುಗಳ ಸಂದಿಗೆ ಇಳಿದು ಅಲ್ಲೇ ಕೂರುತ್ತದೆ. ಹೊರಮೈಗೆ ಆ್ಯಂಟಿರಸ್ಟ್ ಸ್ಪ್ರೇ ಹೊಡೆಯಬಹುದು. ತಣ್ಣೀರು ಹರಿಯುವ ಕೂಲಿಂಗ್ ಹೋಲಿನ ಒಳಗೋಡೆಗೆ ಅದು ತಲುಪುವುದಿಲ್ಲ. ಒಳಗೆ ಕಟ್ಟಿದ ತುಕ್ಕು ಉಕ್ಕಿನಂತೆ ಶಾಖವನ್ನು ಬಿಡುವುದಿಲ್ಲ, ನೀರಿನ ದಾರಿಯನ್ನೂ ಕಿರಿದು ಮಾಡುತ್ತದೆ. ಸೈಕಲ್ ಟೈಮ್ (ಒಂದು ಸಲ ಅಚ್ಚು ಹೊಯ್ಯಲು ಹಿಡಿಯುವ ಸಮಯ) ಸೆಕೆಂಡು ಸೆಕೆಂಡಾಗಿ ಏರುತ್ತದೆ, ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಕೂರುವ ಗ್ರೂವಿನಲ್ಲಿ ಗುಳಿ ಬಿದ್ದು ನೀರು ಸೋರುತ್ತದೆ. ಜೇನಿನ ಮುಚ್ಚಳದ ಮೇಲೆ ಕಂದು ಚುಕ್ಕಿ ಕಂಡರೆ ಆ ಲಾಟ್ ಪೂರ್ತಿ ವಾಪಸ್.

ಬೇಸ್‌ಗೆ ಸ್ಟೇನ್‌ಲೆಸ್ ಹೊಸದೇನಲ್ಲ. ಬಹಳ ವರ್ಷಗಳಿಂದ ಸಿಗುವುದು 1.2085 ಎಂಬ ನಂಬರಿನ ಉಕ್ಕು. ಕಾರ್ಬನ್ 0.28ರಿಂದ 0.38%, ಕ್ರೋಮಿಯಂ 15ರಿಂದ 17%, ಜೊತೆಗೆ 0.05ರಿಂದ 0.10% ಗಂಧಕ. ಗಂಧಕವು ಮ್ಯಾಂಗನೀಸ್ ಜೊತೆ ಸೇರಿ ಉಕ್ಕಿನೊಳಗೆ ಸಣ್ಣ ಗೆರೆಗಳಾಗಿ ಕೂರುತ್ತದೆ. ಚಿಪ್ಸ್ (ಕೊರೆಯುವಾಗ ಏಳುವ ಲೋಹದ ಸಿಪ್ಪೆ) ತುಂಡು ತುಂಡಾಗಿ ಬರುವುದು ಅದರಿಂದಲೇ. ಆದರೆ ತುಕ್ಕಿನ ಗುಳಿ ಮೊದಲು ಬೀಳುವುದೂ ಆ ಗೆರೆಗಳಲ್ಲೇ. ಇನ್ನು ಕಾರ್ಬನ್. ಅದು ತನ್ನ ತೂಕದ ಹಲವು ಪಟ್ಟು ಕ್ರೋಮಿಯಂ ಹಿಡಿದು ಕಾರ್ಬೈಡ್ ಎಂಬ ಗಟ್ಟಿ ಕಣ ಮಾಡಿಕೊಳ್ಳುತ್ತದೆ. ಕಾರ್ಬೈಡಿಗೆ ಹೋದ ಕ್ರೋಮಿಯಂ ತುಕ್ಕು ತಡೆಯುವ ಪದರಕ್ಕೆ ಸಿಗುವುದಿಲ್ಲ. ಸರ್ಟಿಫಿಕೇಟಿನಲ್ಲಿ 16% ಎಂದಿದ್ದರೂ ಮಳೆಯೆದುರು ನಿಲ್ಲುವ ಪಾಲು ಅದಕ್ಕಿಂತ ಕಡಿಮೆ.

ಇದನ್ನು ಸುಧಾರಿಸಿದ ಕಡಿಮೆ ಕಾರ್ಬನ್ ಜಾತಿಯಲ್ಲಿ ಮಾಡಿರುವುದು ಇಷ್ಟು: ಕಾರ್ಬನ್ ಅನ್ನು 0.05% ಆಸುಪಾಸಿಗೆ ಇಳಿಸಿದ್ದಾರೆ, ಕ್ರೋಮಿಯಂ 12ರಿಂದ 13% ಮಾತ್ರ, ಮಷಿನಿಂಗಿಗಾಗಿ ಗಂಧಕ ಉಳಿಸಿಕೊಂಡಿದ್ದಾರೆ. ಕ್ರೋಮಿಯಂ ಕಡಿಮೆಯಾದರೂ ಹೆಚ್ಚುಕಡಿಮೆ ಎಲ್ಲವೂ ಕರಗಿದ ರೂಪದಲ್ಲೇ ಉಳಿಯುತ್ತದೆ. 300 ಬ್ರಿನೆಲ್ (ಗಡುಸುತನದ ಅಳತೆ) ಸುತ್ತಮುತ್ತ ಗಟ್ಟಿ ಮಾಡಿಯೇ ಕೊಡುವುದರಿಂದ ಮಷಿನಿಂಗ್ ಮುಗಿದ ಮೇಲೆ ಹೀಟ್ ಟ್ರೀಟ್‌ಮೆಂಟಿನ ಗೊಡವೆಯಿಲ್ಲ.

ಮುಚ್ಚಳದ ಮೌಲ್ಡಿಗೆ ನಾನು ಮೊದಲು ತಂದದ್ದು ಈ ಜಾತಿಯ ಪ್ಲೇಟ್. ಬೆಂಗಳೂರಿನ ವ್ಯಾಪಾರಿ ಕಡೆಯಿಂದ ಲಾರಿಯಲ್ಲಿ ಬಂತು. ಇಳಿಸುವಾಗ ನಮ್ಮ ಗ್ರೈಂಡಿಂಗ್ ಹುಡುಗ ಮ್ಯಾಗ್ನೆಟ್ ಹಿಡಿದು ನೋಡಿ, "ಅಣ್ಣಾ, ಅಂಟ್ತಾ ಇದೆ, ಇದು ಸ್ಟೇನ್‌ಲೆಸ್ ಅಲ್ಲ" ಎಂದ. ಪಾತ್ರೆಗೆ ಬಳಸುವ 304 ಸ್ಟೇನ್‌ಲೆಸ್ ಮ್ಯಾಗ್ನೆಟ್ಟಿಗೆ ಸರಿಯಾಗಿ ಅಂಟುವುದಿಲ್ಲ, ಅವನಿಗೆ ಗೊತ್ತಿದ್ದದ್ದು ಅದು. ಮೌಲ್ಡಿನ ಸ್ಟೇನ್‌ಲೆಸ್ ಮಾರ್ಟೆನ್‌ಸೈಟಿಕ್ (ಕಾಯಿಸಿ ತಣಿಸಿ ಗಟ್ಟಿ ಮಾಡುವ ಜಾತಿ), ಅಂಟಲೇಬೇಕು. ಅಂಟುವುದರಿಂದಲೇ ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ ಅದನ್ನು ಹಿಡಿಯುತ್ತದೆ. ನಿಜವಾಗಿ ನೋಡಬೇಕಾದದ್ದು ಕಾರ್ಬನ್. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ ಕ್ರೋಮಿಯಂ ತೋರಿಸುತ್ತದೆ, ಕಾರ್ಬನ್ ತೋರಿಸುವುದಿಲ್ಲ. ಆದ್ದರಿಂದ ತುಂಡೊಂದನ್ನು ಮೈಸೂರಿಗೆ ಕಳುಹಿಸಿ ಕಿಡಿ ಹೊಡೆಸುವ ಸ್ಪೆಕ್ಟ್ರೋ ಟೆಸ್ಟ್ ಮಾಡಿಸಿದೆ. ಕಾರ್ಬನ್ ಅಂಕಿ ನೋಡದೆ ಈ ದುಡ್ಡು ಕೊಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹೆಚ್ಚಿನ ಬೆಲೆ ಕೊಡುತ್ತಿರುವುದು ಆ ಅಂಕಿಗೇ.

ಮಷಿನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಕೆಟ್ ಮಿಲ್ಲಿಂಗಿನಲ್ಲಿ ಪ್ಲೇಟ್ ಸೊಟ್ಟಗಾಗಲಿಲ್ಲ. ಆದರೂ ರಫ್ ಮಾಡಿ, ಕ್ಲ್ಯಾಂಪ್ ಸಡಿಲಿಸಿ, ಮತ್ತೆ ಹಿಡಿದು ಫಿನಿಶ್ ಮಾಡುವ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಉದ್ದದ ಕೂಲಿಂಗ್ ಹೋಲ್ ಕೊರೆಯುವಾಗ ಚಿಪ್ಸ್ ಸುತ್ತಿಕೊಳ್ಳಲಿಲ್ಲ.

ನನಗೆ ಮನಸ್ಸು ತುಂಬಿದ್ದು ವೆಲ್ಡಿಂಗಿನಲ್ಲಿ. ಕೆಲಸ ಮುಗಿಯುವ ಹೊತ್ತಿಗೆ ಪಾರ್ಟಿಯವರು ಬಾಟಲಿಯ ಕುತ್ತಿಗೆಯನ್ನೇ ಬದಲಾಯಿಸಿದರು. ಒಂದು ನೀರಿನ ಹೋಲ್ ಮುಚ್ಚಿ ಪಕ್ಕಕ್ಕೆ ಸರಿಸಬೇಕಾಯಿತು. 1.2085 ಆಗಿದ್ದರೆ ಚೆನ್ನಾಗಿ ಪ್ರೀಹೀಟ್ ಮಾಡಬೇಕಿತ್ತು, ನಿಧಾನವಾಗಿ ಆರಿಸಬೇಕಿತ್ತು. ಇಷ್ಟಾದರೂ ವೆಲ್ಡಿನ ಪಕ್ಕದ ಭಾಗ ಗಾಜಿನಂತೆ ಗಡುಸಾಗಿ ಬಿರುಕು ಬಿಡುವ ಭಯ. ಆ ಗಡುಸುತನ ಬರುವುದು ಕಾರ್ಬನ್‌ನಿಂದ. 0.05% ಇರುವಲ್ಲಿ ಆ ಭಾಗ ಸುತ್ತಲಿನ ಉಕ್ಕಿಗಿಂತ ಬಹಳ ಗಟ್ಟಿಯಾಗುವುದಿಲ್ಲ. ಗಂಧಕದಿಂದಲೂ ವೆಲ್ಡ್ ಬಿರುಕು ಬಿಡಬಹುದು, ಅದಕ್ಕೇ ಟಿಗ್ ವೆಲ್ಡಿಂಗಿನಲ್ಲಿ ಕರೆಂಟ್ ತಗ್ಗಿಸಿ, ಸಣ್ಣ ಸಣ್ಣ ಪಾಸ್ ಹಾಕಿಸಿದೆ. ಮರುದಿನ ಅದರ ಮೇಲೇ ಡ್ರಿಲ್ ಹೋಯಿತು, ಟ್ಯಾಪ್ ಮುರಿಯಲಿಲ್ಲ.

ಸ್ಟೇನ್‌ಲೆಸ್ ಎಂದು ನೋಡಿಕೊಳ್ಳದೆ ಬಿಡುವಂತಿಲ್ಲ. ಅದರ ಪದರಕ್ಕೆ ಆಮ್ಲಜನಕ ಬೇಕು. ನಿಂತ ನೀರಿನಡಿ, ಓ-ರಿಂಗಿನಡಿ ಅದು ಸೋಲುತ್ತದೆ. ಅದಕ್ಕೇ ಮೌಲ್ಡ್ ಇಳಿಸುವ ಮುಂಚೆ ಪ್ರತಿ ಹೋಲಿಗೂ ಏರ್ ಹೊಡೆದು ಒಣಗಿಸುತ್ತೇವೆ, ಚಿಲ್ಲರ್ ಮೊದಲೇ ನಿಲ್ಲಿಸಿ ಮೌಲ್ಡ್ ಶೆಡ್ಡಿನ ಉಷ್ಣತೆಗೆ ಬರುವವರೆಗೆ ಕಾಯುತ್ತೇವೆ. ಕಬ್ಬಿಣದ ತಂತಿ ಬ್ರಷ್ ಹತ್ತಿರ ತರುವುದಿಲ್ಲ. ಅದರ ಕಣ ಅಂಟಿಕೊಂಡರೆ ಅಲ್ಲಿಂದಲೇ ತುಕ್ಕು ಏಳುತ್ತದೆ. ಗೈಡ್ ಪಿಲ್ಲರ್, ಇಜೆಕ್ಟರ್ ಪಿನ್ ಮಾಮೂಲಿ ಉಕ್ಕಿನವೇ ಆದ್ದರಿಂದ ಅವಕ್ಕೆ ಗ್ರೀಸ್ ತಪ್ಪಿಸುವಂತಿಲ್ಲ.

ಪಿವಿಸಿ ಫಿಟ್ಟಿಂಗಿಗೆ ಈ ಉಕ್ಕನ್ನು ಕ್ಯಾವಿಟಿಗೆ ಹಾಕಬೇಡಿ. ಪಿವಿಸಿ ಹೆಚ್ಚು ಕಾದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ. ಅದರೆದುರು ಗಂಧಕವಿರುವ ಯಾವ ಉಕ್ಕೂ ಬಾಳುವುದಿಲ್ಲ, ಪಾಲಿಶೂ ಕನ್ನಡಿಯಷ್ಟು ಬರುವುದಿಲ್ಲ. ಅಂಥ ಇನ್ಸರ್ಟಿಗೆ (ಬೇಸ್ ಒಳಗೆ ಕೂರಿಸುವ ಕ್ಯಾವಿಟಿ ತುಂಡಿಗೆ) ನಾನು 1.2316 ಎಂಬ ಸ್ಟೇನ್‌ಲೆಸ್ ಹಾಕುತ್ತೇನೆ, ಬೇಸ್ ಮಾತ್ರ ಇದು. ಶಾಖ ಸಾಗಿಸುವುದರಲ್ಲೂ ಸಿ45 ಇದಕ್ಕಿಂತ ಮೇಲು. ಹಾಗಾಗಿ ನೀರನ್ನು ಇನ್ಸರ್ಟಿನೊಳಗೇ ಹಾಯಿಸುವ ವಿನ್ಯಾಸ ಮಾಡುತ್ತೇನೆ.

ರೂಟ್ ಟ್ರೇನರಿನ ಮೌಲ್ಡಿಗೆ ಈಗಲೂ ಪೂರ್ತಿ ಸ್ಟೇನ್‌ಲೆಸ್ ಹಾಕುವುದಿಲ್ಲ. ಕಪ್ಪು ಬಣ್ಣದ ಕಪ್ ಮೇಲೆ ಚುಕ್ಕಿ ಯಾರಿಗೂ ಕಾಣದು, ದರವೂ ಗಿಟ್ಟದು. ಅದರಲ್ಲಿ ನೀರು ಹಾಯುವ ಎರಡು ಪ್ಲೇಟ್ ಮಾತ್ರ ಈ ಜಾತಿ. ಬಾಟಮ್ ಪ್ಲೇಟ್, ಸ್ಪೇಸರ್ ಬ್ಲಾಕ್, ಇಜೆಕ್ಟರ್ ಪ್ಲೇಟ್ ಸಿ45. ಮೇ ಕೊನೆಯಲ್ಲಿ ಅವನ್ನು ಬಿಚ್ಚಿ, ಒರೆಸಿ, ಗ್ರೀಸ್ ಬಳಿದು ಜೋಡಿಸಿಡುತ್ತೇವೆ.